ಕೀಲೆಣ್ಣೆಯಿಂದ ಎಂಜಿನ್ ಎಣ್ಣೆಯವರೆಗೆ: ಬದಲಿಸುವುದು ಯಾವಾಗ?

ಕಾರಿನ ಎಂಜಿನ್ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು ಎಂಬ ಪ್ರಶ್ನೆಗೆ ನಮ್ಮ ಬಳಗದಲ್ಲಿಯೇ ಮೂರು ಉತ್ತರಗಳಿವೆ. ಪುಣೆಯಲ್ಲಿರುವ ನಮ್ಮ ಅಳಿಯಂದಿರು ಕಾರಿನೊಂದಿಗೆ ಬಂದ ಪುಸ್ತಕವನ್ನು ತೆರೆದು ತೋರಿಸಿ 10,000 ಎನ್ನುತ್ತಾರೆ. ವಿಜಯಪುರದಲ್ಲಿ ಗ್ಯಾರೇಜು ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ಪುಸ್ತಕ ಬರದವ್ರು ನಮ್ಮ ಕಡೀ ಧೂಳ ನೋಡಿಲ್ರಿ. ಐದು ಸಾವಿರಕ್ಕ ಬದಲಿ ಮಾಡ್ರಿ" ಎನ್ನುತ್ತಾನೆ. ತಿಕೋಟಾದ ನಮ್ಮ ಷಡ್ಡಕರು ಬಹುಕಾಲ ಅಂಬಾಸಿಡರ್ ಓಡಿಸಿದವರು. ಅವರು ಮೂರು ಸಾವಿರವನ್ನು ದಾಟಿಸಲಾರರು. ಮೂವರೂ ಅನುಭವಸ್ಥರೇ. ಮದುವೆ ಮುಂಜಿಗಳಲ್ಲಿ ಮೂವರೂ ಒಂದೆಡೆ ಸೇರಿದರೆ ಊಟದ ಪಂಕ್ತಿ ಮುಗಿದರೂ ವಾದ ಮುಗಿಯುವುದಿಲ್ಲ.

ನಾನು ಮಿಸ್ತ್ರಿಯಲ್ಲ, ಇತಿಹಾಸ ಕಲಿಸಿದ ಮಾಸ್ತರ. ಒಂದು ಅಂಕಿ ಎದುರಾದಾಗ ಅದು ಸರಿಯೋ ತಪ್ಪೋ ಎಂದು ಕೇಳುವುದಕ್ಕಿಂತ ಮುಂಚೆ ಅದು ಯಾವ ಕಾಲದ್ದು, ಯಾವ ಕಾರಣಕ್ಕೆ ಹುಟ್ಟಿತು ಎಂದು ಕೇಳುವುದು ನನ್ನ ಅಭ್ಯಾಸ. ಹಾಗೆ ಹುಡುಕುತ್ತ ಹೋದಾಗ ಈ ಮೂರು ಅಂಕಿಗಳ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ ಎಂಬುದು ತಿಳಿಯಿತು. ಅದನ್ನು ನನ್ನ ವಿದ್ಯಾರ್ಥಿಗಳೊಡನೆಯೂ ಬಂಧುಗಳೊಡನೆಯೂ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಮೊದಲು ನಮ್ಮ ಚಕ್ಕಡಿಯಿಂದಲೇ ಆರಂಭಿಸೋಣ. ನನ್ನ ಬಾಲ್ಯದಲ್ಲಿ ತಿಕೋಟಾ ಕಡೆಯ ಹಳ್ಳಿಗಳಿಂದ ಬಿಜಾಪುರದ ಸಂತೆಗೆ ಬರುವ ಪ್ರತಿಯೊಂದು ಚಕ್ಕಡಿಯ ಕೆಳಗೂ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿತ್ತು. ಅದರಲ್ಲಿ ಇರುತ್ತಿದ್ದುದು ಕೀಲೆಣ್ಣೆ. ಬಹುತೇಕ ಔಡಲ ಎಣ್ಣೆ. ಹೊರಡುವ ಮುನ್ನ ಕಡಾಣಿಯನ್ನು ಕಿತ್ತು, ಗಾಲಿಯನ್ನು ಸ್ವಲ್ಪ ಹೊರಕ್ಕೆ ಸರಿಸಿ, ಅಚ್ಚಿಗೆ ಎಣ್ಣೆ ಸವರಿ ಮತ್ತೆ ಕೂಡಿಸುತ್ತಿದ್ದರು. ಎಣ್ಣೆ ಕಾಣದ ಗಾಲಿ ಕಿರುಗುಟ್ಟಿದರೆ ಅದು ಒಕ್ಕಲುತನದ ಮರ್ಯಾದೆಯ ಪ್ರಶ್ನೆಯಾಗುತ್ತಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಚ್ಚಿನ ಎಣ್ಣೆಯನ್ನು ಯಾರೂ 'ಬದಲಿಸುತ್ತಿರಲಿಲ್ಲ'. ಅದು ಸೋರಿಹೋಗುತ್ತಿತ್ತು, ಒಣಗುತ್ತಿತ್ತು. ಮತ್ತೆ ಹಾಕುತ್ತಿದ್ದರು, ಅಷ್ಟೆ. 1884ರಲ್ಲಿ ಹೋಟಗಿ-ಗದಗ ರೈಲುಮಾರ್ಗ ಬಿಜಾಪುರದ ಮೂಲಕ ಹಾದುಹೋದಾಗಲೂ ತತ್ವ ಬದಲಾಗಲಿಲ್ಲ. ಆ ಕಾಲದ ರೈಲುಡಬ್ಬಿಗಳ ಅಚ್ಚುಪೆಟ್ಟಿಗೆಯಲ್ಲಿ ಎಣ್ಣೆಯಲ್ಲಿ ತೋಯಿಸಿದ ನೂಲಿನ ಉಂಡೆಯನ್ನು ತುಂಬುತ್ತಿದ್ದರು. ಆರಿದಂತೆ ಮತ್ತೆ ಎಣ್ಣೆ ಎರೆಯುತ್ತಿದ್ದರು.

ಅತ್ತ ಅಮೆರಿಕದಲ್ಲಿ 1859ರಲ್ಲಿ ಟೈಟಸ್‌ವಿಲ್ ಎಂಬಲ್ಲಿ ಎಡ್ವಿನ್ ಡ್ರೇಕ್ ತೈಲಬಾವಿ ಕೊರೆದ ಮೇಲೆ ಭೂಮಿಯ ಎಣ್ಣೆ ಯಂತ್ರಗಳಿಗೆ ಬಂದಿತು. 1866ರಲ್ಲಿ ಡಾ. ಜಾನ್ ಎಲ್ಲಿಸ್ ಎಂಬ ವೈದ್ಯರು ಉಗಿಯಂತ್ರಗಳಿಗಾಗಿ ಖನಿಜತೈಲದ ಕೀಲೆಣ್ಣೆಯನ್ನು ಮಾರತೊಡಗಿದರು. ಅದೇ ಮುಂದೆ ವ್ಯಾಲ್ವೊಲೀನ್ ಎಂದು ಹೆಸರಾಯಿತು. ನಮ್ಮ ದೇಶದಲ್ಲಿ ಅಸ್ಸಾಮಿನ ದಿಗ್ಬೊಯಿಯಲ್ಲಿ 1889ರಲ್ಲಿ ತೈಲ ದೊರೆತು, 1901ರಲ್ಲಿ ಶುದ್ಧೀಕರಣ ಕಾರ್ಖಾನೆ ಆರಂಭವಾಯಿತು. ಆದರೂ ನಮ್ಮ ಔಡಲ ಎಣ್ಣೆ ಸೋತು ಹಿಂದೆ ಸರಿಯಲಿಲ್ಲ. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ತನ್ನ ಮೋಟಾರು ಎಣ್ಣೆಗೆ ಔಡಲ ಎಣ್ಣೆಯನ್ನು ಬೆರೆಸಿ, ಔಡಲದ ಇಂಗ್ಲಿಷ್ ಹೆಸರಾದ 'ಕ್ಯಾಸ್ಟರ್' ಎಂಬುದರಿಂದಲೇ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ನಮ್ಮ ಚಕ್ಕಡಿಯ ಗೊಟ್ಟಕ್ಕೂ ಇಂದಿನ ಪೆಟ್ರೋಲ್ ಪಂಪಿನಲ್ಲಿ ಕಾಣುವ ಡಬ್ಬಿಗೂ ಹೀಗೊಂದು ನಂಟುಂಟು.

ಮೊದಮೊದಲ ಮೋಟಾರುಗಳು ಎಣ್ಣೆಯ ವಿಷಯದಲ್ಲಿ ಚಕ್ಕಡಿಯ ತಮ್ಮಂದಿರೇ ಆಗಿದ್ದವು. ಹನಿಹನಿಯಾಗಿ ಬಿದ್ದ ಎಣ್ಣೆ ಕೆಲಸ ಮುಗಿಸಿ ಸುಟ್ಟುಹೋಗುತ್ತಿತ್ತು, ಇಲ್ಲವೇ ರಸ್ತೆಗೆ ಸೋರುತ್ತಿತ್ತು. ಅದೇ ಎಣ್ಣೆಯನ್ನು ಎಂಜಿನ್ನಿನ ತಳದಲ್ಲಿ ಹಿಡಿದಿಟ್ಟು ಮತ್ತೆ ಮತ್ತೆ ಬಳಸುವ ಪದ್ಧತಿ ಬಂದ ದಿನವೇ 'ಎಂದು ಬದಲಿಸಬೇಕು?' ಎಂಬ ಪ್ರಶ್ನೆ ಹುಟ್ಟಿದ್ದು. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಗೆ ಪಂಪೂ ಇರಲಿಲ್ಲ, ಫಿಲ್ಟರೂ ಇರಲಿಲ್ಲ. ತಿರುಗುವ ಚಕ್ರವೇ ಎಣ್ಣೆಯನ್ನು ಎರಚುತ್ತಿತ್ತು. ಹಾಗಾಗಿ ಕೆಲವೇ ನೂರು ಮೈಲಿಗಳಿಗೊಮ್ಮೆ ಎಣ್ಣೆ ಇಳಿಸಿ ಹೊಸದನ್ನು ತುಂಬುವುದು ಅಂದಿನ ರೂಢಿಯಾಗಿತ್ತು.

ಎಣ್ಣೆ ಕೆಡುವುದು ಯಾತರಿಂದ? ಎಣ್ಣೆ ತಾನಾಗಿ ಸವೆಯುವುದಕ್ಕಿಂತ ಹೆಚ್ಚಾಗಿ ಅದರೊಳಗೆ ಬಂದು ಸೇರುವ ವಸ್ತುಗಳಿಂದ ಕೆಡುತ್ತದೆ. ಉರಿದ ಇಂಧನದ ಮಸಿ, ಉರಿಯದೆ ಉಳಿದ ಪೆಟ್ರೋಲು, ಹೊರಗಿನ ಧೂಳು, ಲೋಹದ ಸವೆತದ ಪುಡಿ, ಆಮ್ಲ, ನೀರು. 'ಎಂಜಿನ್ನಿನಲ್ಲಿ ನೀರು ಎಲ್ಲಿಂದ ಬಂತು?' ಎಂದು ಕೇಳುವವರಿಗಾಗಿ ಹೇಳುತ್ತೇನೆ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಹೊಗೆಕೊಳವೆಯಿಂದ ಹೊರಹೋಗುತ್ತದೆ. ಸ್ವಲ್ಪ ಭಾಗ ಎಂಜಿನ್ನಿನ ಒಳಗೆ ನುಸುಳಿ ಎಣ್ಣೆಗೆ ಸೇರುತ್ತದೆ. ಎಣ್ಣೆ ಚೆನ್ನಾಗಿ ಕಾದರೆ ಆ ನೀರು ಮತ್ತೆ ಆವಿಯಾಗಿ ಹೋಗುತ್ತದೆ. ಕಾಯದಿದ್ದರೆ ಅಲ್ಲಿಯೇ ಉಳಿಯುತ್ತದೆ. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

ಇನ್ನು ಫಿಲ್ಟರಿನ ಕಥೆ. ಇದನ್ನು ತಿಳಿಯಲು ವಿಜಯಪುರದವರು ದೂರ ಹೋಗಬೇಕಾಗಿಲ್ಲ. ನಗರದಲ್ಲಿ ಇಂದಿಗೂ ಅಲ್ಲಲ್ಲಿ ನಿಂತಿರುವ ಆದಿಲ್‌ಶಾಹಿ ಕಾಲದ 'ಗಂಜ್'ಗಳನ್ನು ನೋಡಿದರೆ ಸಾಕು. ಕುಮಾರ ವಾಲ್ಮೀಕಿಯ ರಾಮಾಯಣದಿಂದ ಹೆಸರಾದ, ತಿಕೋಟಾಕ್ಕೆ ಹೋಗುವ ದಿಕ್ಕಿನಲ್ಲಿರುವ ತೊರವಿಯಿಂದಲೂ, ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ ನೆಲದಡಿಯ ಕಾಲುವೆ ಕೊಳವೆಗಳಲ್ಲಿ ನಗರಕ್ಕೆ ನೀರು ಬರುತ್ತಿತ್ತು. ದಾರಿಯಲ್ಲಿ ಕಲ್ಲಿನ ಚೌಕ ಗೋಪುರಗಳು. ನೀರು ಗೋಪುರದೊಳಗೆ ಏರಿ ತನ್ನ ಒತ್ತಡವನ್ನು ಕಳೆದುಕೊಳ್ಳುತ್ತಿತ್ತು; ತಂದ ಹೂಳನ್ನು ತಳದಲ್ಲಿ ಬಿಟ್ಟು ತಿಳಿಯಾಗಿ ಮುಂದಕ್ಕೆ ಹರಿಯುತ್ತಿತ್ತು. ತಳದ ಹೂಳನ್ನು ಆಗಾಗ ತೆಗೆಯದಿದ್ದರೆ ಗಂಜ್ ಇದ್ದೂ ಇಲ್ಲದಂತೆ.

ಮೋಟಾರಿಗೆ ಇಂಥದೊಂದು ಗಂಜ್ ಬಂದದ್ದು 1923ರಲ್ಲಿ. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಘ್ ಎಂಬವರು ಎಣ್ಣೆಯ ಫಿಲ್ಟರನ್ನು ರೂಪಿಸಿ ಅದಕ್ಕೆ ಪ್ಯೂರೊಲೇಟರ್ ಎಂದು ಹೆಸರಿಟ್ಟರು. ಆಗಿನ ಫಿಲ್ಟರಿನಲ್ಲಿ ಎಣ್ಣೆಯ ಒಂದು ಪಾಲು ಮಾತ್ರ ಸೋಸಿ ಬರುತ್ತಿತ್ತು. ಪೂರ್ತಿ ಎಣ್ಣೆಯೂ ಸೋಸಿಯೇ ಹೋಗುವ ವ್ಯವಸ್ಥೆ ನಂತರದ್ದು. ಕೈಯಿಂದ ತಿರುಗಿಸಿ ಕೂಡಿಸುವ ಡಬ್ಬಿಯಂಥ ಫಿಲ್ಟರನ್ನು ವಿಕ್ಸ್ ಕಂಪನಿ 1954ರಲ್ಲಿ ತಂದಿತು. ಅಲ್ಲಿಂದ ಅದನ್ನು ಬದಲಿಸುವುದು ಸುಲಭವಾಯಿತು.

ಆದರೆ ಫಿಲ್ಟರಿಗೂ ಗಂಜಿಗೂ ಒಂದೇ ಮಿತಿ. ಗಂಜ್ ಹೂಳನ್ನು ತಡೆಯಬಲ್ಲದು, ಸವುಳನ್ನು ತಡೆಯಲಾರದು. ಡೋಣಿ ನದಿಯ ಸವುಳು ನೀರನ್ನು ಎಷ್ಟು ಗಂಜುಗಳಲ್ಲಿ ಹಾಯಿಸಿದರೂ ಅದು ಸಿಹಿಯಾಗುವುದಿಲ್ಲ. ಹಾಗೆಯೇ ಫಿಲ್ಟರು ದಪ್ಪ ಕಣಗಳನ್ನು ಹಿಡಿಯುತ್ತದೆಯೇ ಹೊರತು ಎಣ್ಣೆಯಲ್ಲಿ ಕರಗಿದ ಆಮ್ಲವನ್ನಾಗಲಿ, ಬೆರೆತ ಪೆಟ್ರೋಲನ್ನಾಗಲಿ ಹಿಡಿಯಲಾರದು. ಆದ್ದರಿಂದ 'ಫಿಲ್ಟರು ಹೊಸದು ಹಾಕಿದೆ, ಎಣ್ಣೆ ಇನ್ನಷ್ಟು ದಿನ ನಡೆಯಲಿ' ಎಂಬ ಲೆಕ್ಕ ಸರಿಯಲ್ಲ. ಇದರ ತಿರುವು ಮುರುವೂ ಸರಿಯಲ್ಲ. ಫಿಲ್ಟರು ಕಟ್ಟಿಕೊಂಡರೆ ಎಂಜಿನ್ ಎಣ್ಣೆಯಿಲ್ಲದೆ ಒಣಗಬಾರದೆಂದು ಅಡ್ಡದಾರಿಯ ಬಾಗಿಲೊಂದು ತಾನಾಗಿ ತೆರೆದುಕೊಳ್ಳುತ್ತದೆ. ಆಗ ಸೋಸದ ಎಣ್ಣೆಯೇ ಎಂಜಿನ್ನಿನ ತುಂಬ ಸುತ್ತುತ್ತದೆ. ಓಡಿಸುವವನಿಗೆ ಸುಳಿವೂ ಹತ್ತುವುದಿಲ್ಲ. ನಾಲ್ಕು ಲೀಟರು ಹೊಸ ಎಣ್ಣೆ ಹಾಕಿ ಹಳೆಯ ಫಿಲ್ಟರನ್ನು ಉಳಿಸುವುದು ತೊಳೆದ ಕೊಡಕ್ಕೆ ಕೊಳೆ ಅರಿವೆಯಿಂದ ನೀರು ಸೋಸಿದಂತೆ.

1930ರ ದಶಕದಲ್ಲಿ ಮತ್ತೊಂದು ಮಹತ್ವದ ಹೆಜ್ಜೆ. ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರುಗಳ ಡೀಸೆಲ್ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ರಿಂಗುಗಳು ಮಸಿಯಿಂದ ಅಂಟಿಕೊಳ್ಳತೊಡಗಿದಾಗ, ಸಾಬೂನಿನ ಗುಣವುಳ್ಳ ದ್ರವ್ಯಗಳನ್ನು ಎಣ್ಣೆಗೆ ಬೆರೆಸುವ ಉಪಾಯ ಹೊಳೆಯಿತು. ಆ ದ್ರವ್ಯಗಳು ಮಸಿಯನ್ನು ಲೋಹಕ್ಕೆ ಅಂಟಗೊಡದೆ ಎಣ್ಣೆಯಲ್ಲಿಯೇ ತೇಲಿಸುತ್ತವೆ, ಹುಟ್ಟಿದ ಆಮ್ಲವನ್ನು ಶಮನ ಮಾಡುತ್ತವೆ. ಅದಕ್ಕಾಗಿಯೇ ಒಳ್ಳೆಯ ಎಣ್ಣೆ ಬೇಗ ಕಪ್ಪಾಗುತ್ತದೆ. ಡೀಸೆಲ್ ಗಾಡಿಯಲ್ಲಂತೂ ಹೊಸ ಎಣ್ಣೆ ಕೆಲವೇ ದಿನಗಳಲ್ಲಿ ಕಾಡಿಗೆಯಾಗುತ್ತದೆ. ಕಡ್ಡಿಯನ್ನು ಎಳೆದು ನೋಡಿ 'ಎಣ್ಣೆ ಕರ್ರಗಾಗೇತ್ರಿ, ಬದಲಿ ಮಾಡಬೇಕು' ಎನ್ನುವ ಮಾತನ್ನು ಎಲ್ಲ ಗ್ಯಾರೇಜುಗಳಲ್ಲೂ ಕೇಳುತ್ತೇವೆ. ಬಟ್ಟೆ ತೊಳೆದ ನೀರು ಕಪ್ಪಾದರೆ ಸಾಬೂನು ಕೆಟ್ಟಿತೆಂದು ಯಾರೂ ಹೇಳುವುದಿಲ್ಲವಷ್ಟೆ. ಬಣ್ಣವೊಂದೇ ಪ್ರಮಾಣವಲ್ಲ.

ಈಗ ನಮ್ಮ ಷಡ್ಡಕರ ಮೂರು ಸಾವಿರಕ್ಕೆ ಬರೋಣ. 1950ರ ದಶಕದ ಕೊನೆಯಲ್ಲಿ ಬಂದು 2014ರಲ್ಲಿ ನಿಂತುಹೋದ ಅಂಬಾಸಿಡರ್, ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅದರ ಕಾರ್ಬುರೇಟರು ಚಳಿಯಲ್ಲಿ ಚೋಕ್ ಎಳೆದರೆ ಧಾರಾಳವಾಗಿ ಪೆಟ್ರೋಲು ಸುರಿಯುತ್ತಿತ್ತು. ಉರಿಯದ ಪಾಲು ಇಳಿದು ಎಣ್ಣೆಯನ್ನು ತೆಳುವಾಗಿಸುತ್ತಿತ್ತು. ಪೆಟ್ರೋಲಿನಲ್ಲಿ ಸೀಸ; ಅದು ದೇಶದಿಂದ ಪೂರ್ತಿ ತೊಲಗಿದ್ದು 2000ದ ಫೆಬ್ರವರಿಯಲ್ಲಿ. ಡೀಸೆಲಿನಲ್ಲಿ ಗಂಧಕ, ಅದು ಉರಿದಾಗ ಹುಟ್ಟುವುದು ಆಮ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಡೀಸೆಲಿನಲ್ಲಿ ಶೇ. 1ರವರೆಗೆ, ಎಂದರೆ ಹತ್ತು ಲಕ್ಷ ಪಾಲಿನಲ್ಲಿ 10,000 ಪಾಲು ಗಂಧಕಕ್ಕೆ ಅವಕಾಶವಿತ್ತು. 2020ರ ಏಪ್ರಿಲಿನಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ಮಾನದಂಡದಲ್ಲಿ ಅದು ಕೇವಲ 10. ಸಾವಿರ ಪಾಲು ಇಳಿಕೆ! ಅಂದಿನ ಎಣ್ಣೆ, ಅಂದಿನ ಇಂಧನ, ಅಂದಿನ ರಸ್ತೆ ಮೂರೂ ಸೇರಿದಾಗ ಮೂರು ಸಾವಿರಕ್ಕೆ ಬದಲಿಸುತ್ತಿದ್ದವರು ಜಾಣರೇ ಆಗಿದ್ದರು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. 2000ದ ಸುಮಾರಿಗೆ ಕಾರ್ಬುರೇಟರು ಹೋಗಿ, ಬೇಕಾದಷ್ಟೇ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಪದ್ಧತಿ ನೆಲೆಯೂರಿತು. ಎಂಜಿನ್ನಿನ ಭಾಗಗಳ ತಯಾರಿಕೆ ನುಣುಪಾಯಿತು. ಗಟ್ಟಿಯಾದ 20ಡಬ್ಲ್ಯು-50ರ ಬದಲು 5ಡಬ್ಲ್ಯು-30, 0ಡಬ್ಲ್ಯು-16ರಂಥ ತೆಳುವಾದ, ಆದರೆ ಹೆಚ್ಚು ತಾಳಿಕೆಯ ಎಣ್ಣೆಗಳು ಬಂದವು. ಇವೆಲ್ಲವುಗಳ ಒಟ್ಟು ಫಲವೇ ನಮ್ಮ ಅಳಿಯಂದಿರ 10,000. ಇಂದು ಮಾರುತಿ, ಹುಂಡೈ ಕಂಪನಿಗಳ ಬಹುತೇಕ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯ ಬಳಕೆಯಲ್ಲಿ 10,000 ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂಬ ನಿಯಮವಿದೆ. ಅದು ಔದಾರ್ಯವೂ ಅಲ್ಲ, ಮೋಸವೂ ಅಲ್ಲ.

ಹಾಗಾದರೆ ನನ್ನ ವಿದ್ಯಾರ್ಥಿಯ ಐದು ಸಾವಿರ? ಅದೂ ಅದೇ ಪುಸ್ತಕದಲ್ಲಿದೆ, ಪುಟ ಮಾತ್ರ ಬೇರೆ! 'ಕಠಿಣ ಬಳಕೆ' ಎಂಬ ಇನ್ನೊಂದು ಪಟ್ಟಿ ಇರುತ್ತದೆ; ಅದನ್ನು ಓದುವವರು ವಿರಳ. ಧೂಳಿನ ರಸ್ತೆ, ಕೆಸರಿನ ರಸ್ತೆ, ಮೇಲಿಂದ ಮೇಲೆ ಗಿಡ್ಡ ಓಡಾಟ ಇವೆಲ್ಲ ಆ ಪಟ್ಟಿಗೆ ಸೇರುತ್ತವೆ. ಅಲ್ಲಿ ಅವಧಿ ಸಾಮಾನ್ಯವಾಗಿ ಅರ್ಧಕ್ಕೆ ಇಳಿಯುತ್ತದೆ. ಪುಸ್ತಕ ಬರೆದವರು ನಮ್ಮ ಧೂಳನ್ನು ನೋಡಿಲ್ಲ ಎಂಬುದು ಪೂರ್ತಿ ನಿಜವಲ್ಲ. ನೋಡಿ ಬರೆದಿದ್ದಾರೆ, ನಾವು ಓದಿಲ್ಲ.

ಹಾಗೆ ನೋಡಿದರೆ ಕಿಲೋಮೀಟರು ಎಂಬುದೇ ಒಂದು ಅಂದಾಜಿನ ಅಳತೆ. ನಮ್ಮ ರೈತರು ಟ್ರ್ಯಾಕ್ಟರಿನ ಎಣ್ಣೆಯನ್ನು ಕಿಲೋಮೀಟರಿನಿಂದ ಅಳೆಯುವುದಿಲ್ಲ, ಗಂಟೆಗಳಿಂದ ಅಳೆಯುತ್ತಾರೆ. 250 ಗಂಟೆ ಎಂಬುದು ಅವರಿಗೆ ಚಿರಪರಿಚಿತ ಸಂಖ್ಯೆ. ಅದೇ ಲೆಕ್ಕವನ್ನು ಕಾರಿಗೆ ಹಾಕಿ ನೋಡೋಣ. ಸರಾಸರಿ ಗಂಟೆಗೆ 40 ಕಿಲೋಮೀಟರಿನಂತೆ ಓಡುವ ಕಾರು 250 ಗಂಟೆಗಳಲ್ಲಿ 10,000 ಕಿಲೋಮೀಟರು ಕ್ರಮಿಸುತ್ತದೆ. ಗಾಂಧಿ ಚೌಕದ ಗದ್ದಲದಲ್ಲಿ ನಿಂತು ನಿಂತು ಸರಾಸರಿ 20ರಂತೆ ಹೋಗುವ ಕಾರು ಅದೇ 250 ಗಂಟೆಗಳಲ್ಲಿ 5,000 ಮಾತ್ರ. ಕಾರು ಟ್ರ್ಯಾಕ್ಟರಲ್ಲ, ಇದು ಬರಿಯ ಹೋಲಿಕೆ. ಆದರೂ ಅಳಿಯಂದಿರ ಅಂಕಿಯೂ ಮಿಸ್ತ್ರಿಯ ಅಂಕಿಯೂ ಒಂದೇ ಎಣ್ಣೆಯ ಎರಡು ಮುಖಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದ್ದರಿಂದ 'ಎಷ್ಟು ಸಾವಿರ?' ಎಂಬ ಪ್ರಶ್ನೆಗೆ ಮುಂಚೆ 'ಎಂಥ ಓಡಾಟ?' ಎಂದು ಕೇಳಬೇಕು. ನಮ್ಮ ಬಳಗದಲ್ಲಿ ಮೂರು ಬಗೆಯ ಓಡಾಟಗಳಿವೆ.

ಮೊದಲನೆಯದು ದೂರದ ಓಡಾಟ. ವಿಜಯಪುರದಿಂದ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೆದ್ದಾರಿಯಲ್ಲಿ ಹೋಗಿಬರುವವರದು. ಎಂಜಿನ್ ಚೆನ್ನಾಗಿ ಕಾಯುತ್ತದೆ, ಧೂಳು ಕಡಿಮೆ. ಇವರು ಧೈರ್ಯವಾಗಿ ಪುಸ್ತಕದ ಪೂರ್ಣ ಅವಧಿಯನ್ನು ಪಾಲಿಸಬಹುದು. ಐದು ಸಾವಿರಕ್ಕೆ ಬದಲಿಸಿದರೆ ಹಣವನ್ನು ಚರಂಡಿಗೆ ಸುರಿದಂತೆಯೇ.

ಎರಡನೆಯದು ಹೊಲದ ಓಡಾಟ. ತಿಕೋಟಾದ ದ್ರಾಕ್ಷಿ ತೋಟಗಳಿಗೂ ಬಬಲೇಶ್ವರದ ಕಬ್ಬಿನ ಹೊಲಗಳಿಗೂ ದಿನವೂ ಕಚ್ಚಾ ದಾರಿಯಲ್ಲಿ ಹೋಗುವವರದು. ಮಾರ್ಚಿಯಿಂದ ಮಳೆ ಬೀಳುವವರೆಗೆ ಎರೆಮಣ್ಣಿನ ಧೂಳು ಎಷ್ಟೆಂಬುದನ್ನು ಬಬಲೇಶ್ವರದಲ್ಲಿ ಮಾಸ್ತರಿಕೆ ಮಾಡಿದ ನಾನು ಬಲ್ಲೆ. ಮಧ್ಯಾಹ್ನದ ಹೊತ್ತಿಗೆ ಕರಿಹಲಗೆಯೂ ಬಿಳಿಚಿಕೊಳ್ಳುತ್ತಿತ್ತು. ಎರೆಮಣ್ಣಿನ ಅತಿ ಸಣ್ಣ ಕಣಗಳು ಎರಡು ಮೈಕ್ರಾನಿಗಿಂತಲೂ ಕಿರಿದು; ಎಣ್ಣೆಯ ಫಿಲ್ಟರಿನ ಕಾಗದ ಅವುಗಳನ್ನು ಹಿಡಿಯಲಾರದು. ಇವರಿಗೆ ಗ್ಯಾರೇಜಿನವನ ಐದು ಸಾವಿರವೇ ಸರಿ. ಅದಕ್ಕಿಂತ ಮುಖ್ಯವಾದುದು ಗಾಳಿಯ ಫಿಲ್ಟರು. ಧೂಳು ಎಣ್ಣೆಗೆ ಬರುವುದೇ ಬಹುತೇಕ ಆ ದಾರಿಯಿಂದ. ಬಾಗಿಲು ತೆರೆದಿಟ್ಟು ಮನೆ ಗುಡಿಸಿದರೆ ಪ್ರಯೋಜನವೇನು?

ಮೂರನೆಯದು ಗಿಡ್ಡ ಓಡಾಟ, ನಿವೃತ್ತರಾದ ನನ್ನಂಥವರದು. ಮನೆಯಿಂದ ಮಾರುಕಟ್ಟೆಗೆ ನಾಲ್ಕು ಕಿಲೋಮೀಟರು, ಮರಳಿ ನಾಲ್ಕು. ವರ್ಷಕ್ಕೆ ಮೂರು ಸಾವಿರವೂ ತುಂಬುವುದಿಲ್ಲ. 'ಹತ್ತು ಸಾವಿರಕ್ಕೆ ಇನ್ನೂ ಮೂರು ವರ್ಷ ಇದೆ' ಎಂದು ಸುಮ್ಮನಿರುವವರು ಇವರೇ, ಎಂಜಿನ್ನಿಗೆ ಹೆಚ್ಚು ಹಾನಿ ಮಾಡಿಕೊಳ್ಳುವವರೂ ಇವರೇ. ನಾಲ್ಕು ಕಿಲೋಮೀಟರಿನಲ್ಲಿ ಎಣ್ಣೆ ಕಾಯುವುದಿಲ್ಲ. ನಾನು ಮೊದಲು ಹೇಳಿದ ನೀರೂ ಪೆಟ್ರೋಲೂ ಅದರಲ್ಲಿಯೇ ಉಳಿಯುತ್ತವೆ. ಇವರು ಕಿಲೋಮೀಟರನ್ನು ಮರೆತು ಪಂಚಾಂಗವನ್ನು ನೋಡಬೇಕು. ವರ್ಷಕ್ಕೊಮ್ಮೆ ತಪ್ಪದೆ ಎಣ್ಣೆ, ಫಿಲ್ಟರು ಎರಡನ್ನೂ ಬದಲಿಸಬೇಕು. ಗಿಡ್ಡ ಓಡಾಟವೊಂದೇ ಆದರೆ ಪುಸ್ತಕದ ಕಠಿಣ ಪಟ್ಟಿಯಂತೆ ಇನ್ನೂ ಬೇಗ. ವಾರಕ್ಕೊಮ್ಮೆ ತಿಕೋಟಾದವರೆಗೆ ಹೋಗಿಬಂದರೆ ಎಣ್ಣೆಯೂ ಕಾಯುತ್ತದೆ, ಬಂಧುಗಳ ಮುಖವನ್ನೂ ಕಂಡಂತಾಗುತ್ತದೆ.

ಮೂವರಿಗೂ ಸಮಾನವಾದ ಎರಡು ಮಾತುಗಳು. ಎಣ್ಣೆಯ ದರ್ಜೆಯನ್ನು ಪುಸ್ತಕ ನೋಡಿಯೇ ಆರಿಸಿರಿ. 'ಬಿಸಿಲ ನಾಡಿಗೆ ಗಟ್ಟಿ ಎಣ್ಣೆಯೇ ಮೇಲು' ಎಂಬ ಮಾತು ಅಂಬಾಸಿಡರಿಗೆ ಒಪ್ಪುತ್ತಿತ್ತು, ಇಂದಿನ ಸೂಕ್ಷ್ಮ ಎಂಜಿನ್ನಿಗೆ ಒಪ್ಪುವುದಿಲ್ಲ. ಮತ್ತು ತಿಂಗಳಿಗೊಮ್ಮೆ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಆರಿದ ಮೇಲೆ ಕಡ್ಡಿ ಎಳೆದು ಎಣ್ಣೆಯ ಮಟ್ಟವನ್ನು ನೋಡಿರಿ. ಹಳೆಯ ಎಣ್ಣೆಯಿಂದ ಎಂಜಿನ್ ಮೆಲ್ಲನೆ ಸವೆಯುತ್ತದೆ. ಎಣ್ಣೆಯೇ ಇಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ಹಿಡಿದುಕೊಳ್ಳುತ್ತದೆ.

'ಬೇಗ ಬದಲಿಸಿದರೆ ನಷ್ಟವೇನು, ಎಂಜಿನ್ನಿಗೆ ಒಳ್ಳೆಯದೇ ಅಲ್ಲವೇ?' ಎಂದು ಕೆಲವರು ಕೇಳಬಹುದು. ನಷ್ಟ ಎಂಜಿನ್ನಿಗಲ್ಲ, ನೀರಿಗೆ. ಒಮ್ಮೆ ಬದಲಿಸಿದಾಗ ಹೊರಬರುವ ಮೂರು ನಾಲ್ಕು ಲೀಟರು ಸುಟ್ಟ ಎಣ್ಣೆ ಎಲ್ಲಿಗೆ ಹೋಗುತ್ತದೆ? ಒಂದು ಗ್ಯಾಲನ್ ಸುಟ್ಟ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಇಲಾಖೆ ಎಚ್ಚರಿಸುತ್ತದೆ. ಆ ದೇಶದಲ್ಲಿ 3,000 ಮೈಲಿಗೊಮ್ಮೆ ಬದಲಿಸುವ ಹಳೆಯ ರೂಢಿ ಜನರ ಮನಸ್ಸಿನಿಂದ ಹೋಗದಿದ್ದಾಗ, ಕ್ಯಾಲಿಫೋರ್ನಿಯಾ ರಾಜ್ಯದ ಸರಕಾರವೇ ಮುಂದೆ ಬಂದು, ನಿಮ್ಮ ಕಾರಿನ ಪುಸ್ತಕದಲ್ಲಿರುವ ಅಂಕಿಯನ್ನು ನೋಡಿಕೊಳ್ಳಿರಿ ಎಂದು ಪ್ರಚಾರ ಮಾಡಿತು. ನಮ್ಮಲ್ಲಿಯೂ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಸುಟ್ಟ ಎಣ್ಣೆ ಸೇರಿದೆ. ಅದನ್ನು ಸಂಗ್ರಹಿಸಿ ಮರುಶುದ್ಧಿಗೆ ಕಳುಹಿಸುವ ಹೊಣೆಯನ್ನು 2024ರ ಏಪ್ರಿಲಿನಿಂದ ಎಣ್ಣೆ ತಯಾರಕರ ಮೇಲೆಯೂ ಹೊರಿಸಲಾಗಿದೆ. ಆದರೂ ಅದನ್ನು ಗೆದ್ದಲಿಗೆಂದು ಕಂಬಗಳಿಗೆ ಬಳಿಯುವವರೂ, ಹಿತ್ತಲಿಗೆ ಚೆಲ್ಲುವವರೂ ನಮ್ಮ ನಡುವೆ ಇದ್ದಾರೆ. ಹನಿ ನೀರಿಗಾಗಿ ತೊರವಿಯಿಂದ ನೆಲದಡಿ ಕಾಲುವೆ ತಂದ, ತಾಜ್ ಬಾವಡಿಯಂಥ ಬಾವಿಯನ್ನು ಕಟ್ಟಿದ ಊರು ನಮ್ಮದು. ಮಳೆ ಕಡಿಮೆಯ ಈ ನೆಲದಲ್ಲಿ ಕೊಳವೆಬಾವಿಯ ಪಕ್ಕದಲ್ಲಿ ಎಣ್ಣೆ ಸುರಿಯುವುದು ಅಪರಾಧವೇ ಸರಿ. ಎಣ್ಣೆ ಬದಲಿಸುವಾಗ ಗ್ಯಾರೇಜಿನವರನ್ನು ಒಂದು ಮಾತು ಕೇಳಿರಿ: "ಈ ಹಳೆಯ ಎಣ್ಣೆಯನ್ನು ಯಾರಿಗೆ ಕೊಡುತ್ತೀರಿ?" ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಡುವ ಗ್ಯಾರೇಜನ್ನೇ ಆರಿಸಿಕೊಳ್ಳಿರಿ.

ಕೊನೆಯದಾಗಿ ಮಾಸ್ತರನ ಒಂದು ಗೃಹಪಾಠ. ಕಾರಿನ ಗೂಡಿನಲ್ಲಿ ಒಂದು ಚಿಕ್ಕ ನೋಟುಪುಸ್ತಕವನ್ನು ಇಡಿರಿ. ಎಣ್ಣೆ ಬದಲಿಸಿದ ದಿನಾಂಕ, ಅಂದಿನ ಕಿಲೋಮೀಟರು, ಎಣ್ಣೆಯ ದರ್ಜೆ, ಫಿಲ್ಟರು ಹೊಸದೋ ಅಲ್ಲವೋ ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆಯಿರಿ. ಮುಂದಿನ ಮದುವೆಯ ಪಂಕ್ತಿಯಲ್ಲಿ ವಾದ ಎದ್ದಾಗ ಆ ಪುಸ್ತಕವನ್ನು ಎದುರಿಗಿಡಿರಿ. ದಾಖಲೆ ಇದ್ದಲ್ಲಿ ಜಗಳ ಬೇಗ ಮುಗಿಯುತ್ತದೆ ಎಂಬುದು ಇತಿಹಾಸದ ಪಾಠ.